ಹುಣ್ಣಿಮೆಯ ರಾತ್ರಿ ಕಾಡುಪಾಪಗಳು ಎಲ್ಲಿ ಹೋಗುತ್ತವೆ?

ಕುರುಚಲು ಕಾಡು

ಎರಡು ವರ್ಷಗಳಿಂದ ಒಂದೇ ದಾರಿಯಲ್ಲಿ ರಾತ್ರಿ ನಡೆದು ಕಾಡುಪಾಪಗಳನ್ನು ಎಣಿಸುತ್ತಿದ್ದೇನೆ. ಒಣ ಕುರುಚಲು ಕಾಡು, ಹೆಚ್ಚಾಗಿ ಜಾಲಿ, ಅಲ್ಲಲ್ಲಿ ಹುಣಸೆ. ಒಂದು ನೋಟ್‌ಬುಕ್ ತುಂಬಿ ಎರಡನೆಯದು ಶುರುವಾಗಿದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋದಾಗ ಚೆನ್ನಾಗಿ ಸಿಗುತ್ತವೆ. ಹುಣ್ಣಿಮೆಯ ಹೊತ್ತಿಗೆ ಹೋದರೆ ಒಂದೋ ಎರಡೋ, ಕೆಲವೊಮ್ಮೆ ಅದೂ ಇಲ್ಲ. ಜೊತೆಗೆ ಬರುವ ಗೆಳೆಯ, "ಬೆಳಕಿಗೆ ಹೆದರಿ ಅಡಗಿಕೊಳ್ಳುತ್ತವೆ, ಅಷ್ಟೇ" ಎನ್ನುತ್ತಾನೆ. ಇಲಿಗಳು, ಹಲವು ಬಾವಲಿಗಳು ಹಾಗೆ ಮಾಡುತ್ತವೆ ಎಂಬುದು ನನಗೂ ಗೊತ್ತು. ಆದರೆ ನಿಶಾಚರಿ ಪ್ರೈಮೇಟ್‌ಗಳು, ಅಂದರೆ ಕೋತಿ, ಕಾಡುಪಾಪಗಳ ಗುಂಪಿಗೆ ಸೇರಿದ ರಾತ್ರಿಜೀವಿಗಳು, ತದ್ವಿರುದ್ಧ, ಬೆಳುದಿಂಗಳಲ್ಲಿ ಹೆಚ್ಚು ಓಡಾಡುತ್ತವೆ ಎಂದು ಎಲ್ಲೋ ಓದಿದ ನೆನಪು. ಹಾಗಿದ್ದರೆ ನನ್ನ ನೋಟ್‌ಬುಕ್ ಸುಳ್ಳು ಹೇಳುತ್ತಿದೆಯೇ?

ಹಳೆಯ ಟಾರ್ಚ್

ಮೊದಲು ನನ್ನದೊಂದು ಪ್ರಶ್ನೆ. ನೀವು ಎಣಿಸುತ್ತಿರುವುದು ಪ್ರಾಣಿಗಳನ್ನೋ, ಕಣ್ಣುಗಳನ್ನೋ?

ಕಾಡುಪಾಪದ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವೊಂದಿದೆ, ಟಪೀಟಮ್ ಎನ್ನುತ್ತಾರೆ. ಒಳಗೆ ಬಂದು ಹಾದುಹೋದ ಬೆಳಕನ್ನು ಅದು ಮತ್ತೊಮ್ಮೆ ಅಕ್ಷಿಪಟಲಕ್ಕೆ ಮರಳಿಸುತ್ತದೆ. ಟಾರ್ಚಿಗೆ ಸಿಗುವ ಆ ಕೆಂಡದಂಥ ಹೊಳಪು ಅದರದೇ. ಗಾಢ ಕತ್ತಲಲ್ಲಿ ಆ ಎರಡು ಕಿಡಿಗಳು ಐವತ್ತು ಹೆಜ್ಜೆ ದೂರದಿಂದಲೂ ಎದ್ದು ಕಾಣುತ್ತವೆ. ಬೆಳುದಿಂಗಳಲ್ಲಿ ಎಲೆಗಳ ಮೇಲೆಲ್ಲ ಬಿಳಿಚುಕ್ಕೆ ಬಿದ್ದಿರುತ್ತದೆ, ಕಣ್ಣು ಅದರಲ್ಲಿ ಕರಗಿಹೋಗುತ್ತದೆ. ಪ್ರಾಣಿಗೂ ನೀವು ದೂರದಿಂದಲೇ ಕಾಣುತ್ತೀರಿ. ಅದು ಓಡಿಹೋಗುವುದಿಲ್ಲ. ಮುಖವನ್ನು ಆಚೆ ತಿರುಗಿಸಿಕೊಂಡು ಕೊಂಬೆಯ ಗಂಟಿನಂತೆ ಕುಳಿತುಬಿಡುತ್ತದೆ. ಒಮ್ಮೆ ಒಂದು ಕಾಡುಪಾಪ ತಲೆಯ ಮೇಲಿನ ಕೊಂಬೆಯಲ್ಲೇ ಇದ್ದರೂ ಕಾಲು ಗಂಟೆ ನಾವು ಮೂವರು ಅದರ ಕೆಳಗೆ ನಿಂತು ಪಿಸುಮಾತಿನಲ್ಲಿ ಹುಡುಕುತ್ತಿದ್ದೆವು. ಕೊನೆಗೆ ಅದೇ ಒಂದು ಕೈಯನ್ನು ಬಿಚ್ಚಿ, ನಿಧಾನವಾಗಿ, ಗಾಳಿಯಲ್ಲಿ ಏನನ್ನೋ ಅಳೆಯುವಂತೆ ಚಾಚಿ, ಮುಂದಿನ ರೆಂಬೆ ಹಿಡಿದಾಗಲೇ ಕಂಡದ್ದು.

ನಿಮ್ಮ ನೋಟ್‌ಬುಕ್ ಸುಳ್ಳು ಹೇಳುತ್ತಿಲ್ಲ. ನೀವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದೆ.

ನಿದ್ದೆಗೇಡಿ

ನೀವು ಓದಿದ್ದು ಬಹುಶಃ ಟಾರ್ಸಿಯರ್ ಎಂಬ ಪುಟ್ಟ ನಿಶಾಚರಿ ಪ್ರೈಮೇಟ್ ವಿಷಯ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ತಂಗ್ಕೊಕೊ ಕಾಡಿನಲ್ಲಿ ಸಂಶೋಧಕಿ ಶಾರನ್ ಗುರ್ಸ್ಕಿ ಅವುಗಳ ಹಿಂದೆ ರಾತ್ರಿಗಟ್ಟಲೆ ಅಲೆದು, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಣ್ಣಿಮೆಯಲ್ಲಿ ಬೇಟೆ ಹೆಚ್ಚು, ಓಡಾಟ ಹೆಚ್ಚು, ಸುಮ್ಮನೆ ಕೂರುವುದು ಕಡಿಮೆ. ಟಾರ್ಸಿಯರ್‌ಗೆ ಟಪೀಟಮ್ ಇಲ್ಲ ಎಂಬುದನ್ನು ಗಮನಿಸಿ. ಆ ಕೊರತೆಯನ್ನು ಅದು ಕಣ್ಣಿನ ಗಾತ್ರದಿಂದ ತುಂಬಿಕೊಂಡಿದೆ. ಒಂದೊಂದು ಕಣ್ಣುಗುಡ್ಡೆಯೂ ಅದರ ಮಿದುಳಿನಷ್ಟು ದೊಡ್ಡದು. ಕಣ್ಣಿನ ಗೂಡಿನಲ್ಲಿ ತಿರುಗಲಾರದಷ್ಟು ದೊಡ್ಡದಾದ್ದರಿಂದ ತಲೆಯನ್ನೇ ಹಿಂದಕ್ಕೆ ತಿರುಗಿಸಿ ನೋಡುತ್ತದೆ. ಕೀಟ, ಹಲ್ಲಿ ಹಿಡಿದು ತಿನ್ನುವುದೇ ಬದುಕು, ಎಲೆ ಹಣ್ಣು ಮುಟ್ಟುವುದಿಲ್ಲ. ಹಾರಿ ಹಿಡಿಯಬೇಕಾದವನಿಗೆ ಬೆಳಕು ಬೇಕು.

ಇನ್ನೂ ಸೊಗಸಾದ ಉದಾಹರಣೆ ದಕ್ಷಿಣ ಅಮೆರಿಕದ ಗೂಬೆ ಕೋತಿ. ಇದಕ್ಕೂ ಟಪೀಟಮ್ ಇಲ್ಲ. ಅರ್ಜೆಂಟೀನಾದ ಫೋರ್ಮೋಸಾ ಪ್ರಾಂತ್ಯದ ಚಾಕೋ ಕಾಡುಗಳಲ್ಲಿ ಎಡ್ವಾರ್ಡೋ ಫರ್ನಾಂಡೆಸ್-ಡುಕೆ ಮತ್ತು ಸಂಗಡಿಗರು ಚಲನೆಯನ್ನು ದಾಖಲಿಸುವ ಕೊರಳಪಟ್ಟಿಗಳನ್ನು ಅವಕ್ಕೆ ತೊಡಿಸಿದ್ದರು. ಹುಣ್ಣಿಮೆಯ ರಾತ್ರಿ ಚಟುವಟಿಕೆ ಏರುತ್ತದೆ, ಮರುದಿನ ಬೆಳಗ್ಗೆ ಇಳಿಯುತ್ತದೆ. ಅಮಾವಾಸ್ಯೆಯ ರಾತ್ರಿ ತೆಪ್ಪಗಿದ್ದು, ಬೆಳಗ್ಗೆ ಆ ಬಾಕಿ ತೀರಿಸುತ್ತವೆ. ಇದು ದೇಹದೊಳಗಿನ ತಿಂಗಳ ಗಡಿಯಾರವೋ, ಅಥವಾ ಆ ಕ್ಷಣದ ಬೆಳಕಿಗೆ ಕೊಡುವ ಪ್ರತಿಕ್ರಿಯೆಯೋ ಎಂಬ ಪ್ರಶ್ನೆಗೆ ಚಂದ್ರಗ್ರಹಣ ಒಂದು ಸುಳಿವು ಕೊಟ್ಟಿತು. ಹುಣ್ಣಿಮೆಯೇ ಇದ್ದರೂ ಗ್ರಹಣದಲ್ಲಿ ಬೆಳಕು ಕುಸಿದಾಗ ಕೋತಿಗಳ ಚಟುವಟಿಕೆಯೂ ಕುಸಿಯಿತು. ಗಡಿಯಾರವಾಗಿದ್ದರೆ ಗ್ರಹಣಕ್ಕೆ ಸೊಪ್ಪು ಹಾಕಬೇಕಿರಲಿಲ್ಲ. 2010ರ ಪ್ರಬಂಧ ಇದು.

ಲೆಕ್ಕದ ಮೇಷ್ಟ್ರು

ನಿದ್ದೆಗೇಡಿಯವರೇ, ಟಾರ್ಸಿಯರ್ ಮತ್ತು ಗೂಬೆ ಕೋತಿಯನ್ನು ತಂದು ಕಾಡುಪಾಪದ ಪಕ್ಕ ನಿಲ್ಲಿಸಿದಿರಿ. ಎರಡಕ್ಕೂ ಟಪೀಟಮ್ ಇಲ್ಲ ಎಂದು ನೀವೇ ಹೇಳುತ್ತಿದ್ದೀರಿ. ಅಂದರೆ ಕತ್ತಲಿಗೆ ಪೂರ್ತಿ ಒಗ್ಗದ ಕಣ್ಣುಗಳು. ಅವು ಬೆಳಕು ಬಯಸಿದರೆ ಆಶ್ಚರ್ಯವೇನು? ಕಾಡುಪಾಪದ ಹತ್ತಿರದ ನೆಂಟರನ್ನು ಕೇಳೋಣ.

ಕಾಂಬೋಡಿಯಾದ ಕುಬ್ಜ ನಿಧಾನ ಲೋರಿಸ್ ಬಗ್ಗೆ ಕಾರ್ಲಿ ಸ್ಟಾರ್ ಮತ್ತಿತರರು 2012ರಲ್ಲಿ ಬರೆದರು. ಅಲ್ಲಿ ಕಂಡದ್ದು ಬೆಳಕಿನ ಪ್ರೀತಿಯೂ ಅಲ್ಲ, ಬರಿಯ ಭಯವೂ ಅಲ್ಲ. ಬೆಳುದಿಂಗಳು ಮತ್ತು ಚಳಿ ಎರಡೂ ಕೂಡಿದ ರಾತ್ರಿಗಳಲ್ಲಿ ಅವು ಓಡಾಟ ಕಡಿಮೆ ಮಾಡಿದವು. ಬೆಳಕೊಂದನ್ನೇ ಹಿಡಿದು ಎಳೆದರೆ ಇದು ಬಿಡಿಸಿಕೊಳ್ಳುವುದಿಲ್ಲ. ನಾನು ಓದಿಕೊಳ್ಳುವುದು ಹೀಗೆ: ಚಳಿಯಲ್ಲಿ ಕೀಟಗಳು ಕಡಿಮೆ, ಮೈ ಬಿಸಿ ಇಟ್ಟುಕೊಳ್ಳುವ ಖರ್ಚು ಹೆಚ್ಚು. ಹೊರಬಂದರೆ ಸಿಗುವುದು ಕಡಿಮೆ. ಅದೇ ಹೊತ್ತಿಗೆ ಬೆಳಕಿದ್ದರೆ ಬೇಟೆಗಾರನ ಕಣ್ಣಿಗೆ ಬೀಳುವ ಅಪಾಯ. ಇಷ್ಟು ಕಡಿಮೆ ಗಳಿಕೆಗೆ ಅಷ್ಟು ಅಪಾಯ ಏಕೆ ಎಂದು ಕುಳಿತುಬಿಡುತ್ತದೆ. ಬೆಚ್ಚಗಿನ ರಾತ್ರಿಯಾದರೆ ಅದೇ ಬೆಳಕು, ಬೇರೆ ವ್ಯವಹಾರ.

ಕುರುಚಲು ಕಾಡು ಅವರಿಗೆ ಒಂದು ತಕರಾರು. "ಹುಣ್ಣಿಮೆಯ ಆಸುಪಾಸು" ಎಂದು ಬರೆಯುತ್ತೀರಲ್ಲ, ಎಷ್ಟು ಗಂಟೆಗೆ ನಡೆಯುತ್ತೀರಿ? ಹುಣ್ಣಿಮೆಗೆ ನಾಲ್ಕು ದಿನ ಮೊದಲೂ ನಾಲ್ಕು ದಿನ ನಂತರವೂ ಚಂದ್ರ ಹೆಚ್ಚುಕಡಿಮೆ ಒಂದೇ ಗಾತ್ರ. ಆದರೆ ಶುಕ್ಲಪಕ್ಷದಲ್ಲಿ ಮುಸ್ಸಂಜೆಗೇ ಅವನು ಆಕಾಶದಲ್ಲಿರುತ್ತಾನೆ, ಕೃಷ್ಣಪಕ್ಷದಲ್ಲಿ ರಾತ್ರಿ ಒಂಬತ್ತರ ಮೇಲೆಯೂ ಹುಟ್ಟಿರುವುದಿಲ್ಲ. ತಿಥಿ ಬರೆದರೆ ಸಾಲದು, ಚಂದ್ರೋದಯದ ಸಮಯವೂ ಬೇಕು.

ಕುರುಚಲು ಕಾಡು

ಏಳೂವರೆಯಿಂದ ಒಂಬತ್ತೂವರೆ. ಮೇಷ್ಟ್ರೇ, ಈಗ ನೋಟ್‌ಬುಕ್ ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ನಾನು "ಬೆಳಕಿನ ರಾತ್ರಿ" ಎಂದು ಗುರುತು ಹಾಕಿದ ಹಲವು ರಾತ್ರಿಗಳು ಕೃಷ್ಣಪಕ್ಷದವು. ನಡೆದಾಗ ಚಂದ್ರನೇ ಇರಲಿಲ್ಲ!

ಚಳಿಯ ಮಾತು ಮಾತ್ರ ಇಲ್ಲಿ ಅಷ್ಟಾಗಿ ಅನ್ವಯಿಸದು ಎನಿಸುತ್ತದೆ. ದಕ್ಷಿಣ ಭಾರತದ ಬಯಲುಸೀಮೆಯಲ್ಲಿ ಪ್ರಾಣಿಯನ್ನು ಮೂಲೆಗೆ ತಳ್ಳುವಂಥ ಚಳಿ ಎಲ್ಲಿದೆ?

ಬಾಲದ ಕೊಬ್ಬು

"ಉಷ್ಣವಲಯದಲ್ಲಿ ಚಳಿ ಎಲ್ಲಿ" ಎಂಬ ಮಾತು ಕೇಳಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ಮಡಗಾಸ್ಕರ್‌ಗೆ ಬನ್ನಿ.

ಪಶ್ಚಿಮ ಮಡಗಾಸ್ಕರ್‌ನ ಕಿರಿಂಡಿ ಒಣ ಕಾಡಿನಲ್ಲಿ ದಪ್ಪಬಾಲದ ಕುಬ್ಜ ಲೀಮರ್ ಎಂಬ ಪುಟ್ಟ ನಿಶಾಚರಿ ಪ್ರೈಮೇಟ್ ಇದೆ. ಮಳೆಗಾಲದಲ್ಲಿ ಹಣ್ಣು, ಮಕರಂದ ತಿಂದು ಬಾಲದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಬಾಲ ಎಷ್ಟು ಊದುತ್ತದೆಂದರೆ ಯಾರೋ ಹತ್ತಿ ತುರುಕಿ ಹೊಲಿದಂತೆ ಕಾಣುತ್ತದೆ. ಒಣಗಾಲ ಬಂದೊಡನೆ ಮರದ ಪೊಟರೆಗೆ ಇಳಿದು ಏಳು ತಿಂಗಳವರೆಗೆ ಮಲಗಿಬಿಡುತ್ತದೆ. ಇದು ಶಿಶಿರನಿದ್ರೆಯೇ, ಆದರೆ ಹಿಮವಿಲ್ಲದ ಶಿಶಿರ. ಕ್ಯಾಥ್ರಿನ್ ಡಾಸ್‌ಮನ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ವಿವರಿಸುವವರೆಗೆ ಉಷ್ಣವಲಯದ ಪ್ರೈಮೇಟ್ ಹೀಗೆ ಮಲಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ.

ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಪೊಟರೆಯ ಗೋಡೆ. ತೆಳುವಾದ ಗೋಡೆಯ ಪೊಟರೆ ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಒಳಗಿರುವ ಲೀಮರ್‌ನ ಮೈಬಿಸಿಯೂ ಅದರೊಂದಿಗೆ ಏರುತ್ತದೆ, ಇಳಿಯುತ್ತದೆ. ಒಂದೇ ದಿನದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಳಿತ! ನಮಗೆ ಎರಡು ಡಿಗ್ರಿ ಏರಿದರೆ ಹಾಸಿಗೆ ಹಿಡಿಯುತ್ತೇವೆ. ದಪ್ಪ ಗೋಡೆಯ ಪೊಟರೆಯಲ್ಲಿ ಮಲಗಿದ ಲೀಮರ್‌ನ ಮೈ ಒಂದೇ ಸಮನೆ ತಣ್ಣಗಿರುತ್ತದೆ. ಹಾಗಾಗಿ ಅದು ಆಗಾಗ ಎಚ್ಚೆತ್ತು, ಸ್ವಂತ ಕೊಬ್ಬು ಸುಟ್ಟು ಮೈ ಬಿಸಿ ಮಾಡಿಕೊಳ್ಳಬೇಕಾಗುತ್ತದೆ. ಹಗಲಿನಲ್ಲಿ ಮೈ 30 ಡಿಗ್ರಿ ದಾಟುವ ಲೀಮರ್‌ಗೆ ಆ ಖರ್ಚು ಇಲ್ಲ, ಬಿಸಿಲೇ ಆ ಕೆಲಸ ಮಾಡಿಕೊಡುತ್ತದೆ. ಒಂದೇ ಕಾಡು, ಒಂದೇ ಜಾತಿ. ಮರದ ದಪ್ಪ ಬೇರೆಯಾದರೆ ದೇಹ ನಡೆಸುವ ಸಂಸಾರವೇ ಬೇರೆ.

ಮಡಗಾಸ್ಕರ್‌ನ ಪೂರ್ವದ ಎತ್ತರದ ಕಾಡುಗಳಲ್ಲಿ ಇದರ ದಾಯಾದಿಗಳು ಮರ ಬಿಟ್ಟು ನೆಲದೊಳಗೆ ಹೋಗಿ, ಬೇರು ಮತ್ತು ತರಗೆಲೆಗಳ ಅಡಿಯಲ್ಲಿ ಮಲಗುತ್ತವೆ. ಇದು ಮಡಗಾಸ್ಕರ್‌ಗೆ ಮಾತ್ರ ಸೀಮಿತ ಎಂದುಕೊಂಡಿದ್ದಾಗ, 2015ರಲ್ಲಿ ವಿಯೆಟ್ನಾಂನಿಂದ ಸುದ್ದಿ ಬಂತು. ಮೇಷ್ಟ್ರು ಹೇಳಿದ ಅದೇ ಕುಬ್ಜ ನಿಧಾನ ಲೋರಿಸ್ ಚಳಿಗಾಲದಲ್ಲಿ 63 ಗಂಟೆಗಳವರೆಗೆ ಒಂದೇ ಸಮನೆ ಜಡನಿದ್ರೆಗೆ, ಅಂದರೆ ಮೈ ತಣ್ಣಗಾಗಿ ದೇಹದ ಖರ್ಚು ಇಳಿಯುವ ನಿದ್ರೆಗೆ, ಜಾರುತ್ತದೆ. ಕಾಡುಪಾಪದ ಕುಟುಂಬವೇ ಅದು.

ಹಳೆಯ ಟಾರ್ಚ್

ಅಷ್ಟು ಬರೆದಿರಿ, ಸರಿ. ಆದರೆ ನಿಮ್ಮ ಲೀಮರ್ ಮಲಗುವುದು ಚಳಿಗೋ, ಹಸಿವಿಗೋ?

ಬಾಲದ ಕೊಬ್ಬು

ಒಪ್ಪಿದೆ, ಚಳಿ ಎಂಬ ಪದವನ್ನು ಆತುರದಲ್ಲಿ ಬಳಸಿದೆ. ಒಣಗಾಲದಲ್ಲಿ ನೀರೂ ಇಲ್ಲ, ಹಣ್ಣೂ ಇಲ್ಲ, ರಾತ್ರಿಯೂ ತಂಪು. ಮೂರೂ ಒಟ್ಟಿಗೆ ಬರುವುದರಿಂದ ಒಂದನ್ನೇ ಹೊಣೆ ಮಾಡುವುದು ಕಷ್ಟ. ಅದೇ ಕಿರಿಂಡಿಯ ಬೂದು ಇಲಿ ಲೀಮರ್‌ಗಳಲ್ಲಿ ಬಹುತೇಕ ಹೆಣ್ಣುಗಳು ಒಣಗಾಲವನ್ನು ಜಡವಾಗಿ ಕಳೆದರೆ, ಬಹುತೇಕ ಗಂಡುಗಳು ಎದ್ದು ಓಡಾಡುತ್ತವೆ. ಕಾಡು ಒಂದೇ, ಚಳಿ ಒಂದೇ. ಮುಂದೆ ಬರುವ ಬೆದೆಗಾಲಕ್ಕೆ ಗಂಡು ಮೊದಲೇ ಸಿದ್ಧವಾಗಿರಬೇಕು ಎಂಬುದು ಇದಕ್ಕೆ ಕೊಡುವ ವಿವರಣೆ.

ನಿದ್ದೆಗೇಡಿ

ಹಸಿವಿನ ಮಾತು ಬಂದದ್ದರಿಂದ ಆಫ್ರಿಕಾದ ಬುಷ್‌ಬೇಬಿ ಎಂಬ ಪುಟ್ಟ ನಿಶಾಚರಿ ಪ್ರೈಮೇಟನ್ನೂ ಸೇರಿಸುತ್ತೇನೆ. ದಕ್ಷಿಣ ಆಫ್ರಿಕಾದ ಮೊಹೋಲ್ ಬುಷ್‌ಬೇಬಿ ಇರುವ ಕಡೆ ಚಳಿಗಾಲದ ರಾತ್ರಿಗಳು ನಿಜಕ್ಕೂ ಕೊರೆಯುತ್ತವೆ, ಕೀಟಗಳು ಮಾಯವಾಗುತ್ತವೆ. ಆದರೂ ಅದು ತಿಂಗಳುಗಟ್ಟಲೆ ಮಲಗುವುದಿಲ್ಲ. ಜಾಲಿ ಮರದ ಅಂಟು ಚಳಿಗಾಲದಲ್ಲೂ ಸಿಗುತ್ತದೆ, ಅದನ್ನು ನೆಕ್ಕಿ ಕಾಲ ತಳ್ಳುತ್ತದೆ. ಹಗಲು ಒಂದಕ್ಕೊಂದು ಒತ್ತಿಕೊಂಡು ಮಲಗಿ ಬಿಸಿ ಉಳಿಸುತ್ತವೆ. ಜಡನಿದ್ರೆಯ ಶಕ್ತಿ ಅದಕ್ಕೂ ಇದೆ, ಆದರೆ ಬಳಸುವುದು ತೀರಾ ಅಪರೂಪ. ಅಂಗಳದಲ್ಲಿ ಅಂಟಿನ ಮರವಿದ್ದರೆ ನಿದ್ರೆಗೆ ಏಕೆ ಶರಣಾಗಬೇಕು?

ಕುರುಚಲು ಕಾಡು ಅವರ ಸಂದೇಹಕ್ಕೂ ಒಂದು ಮಾತು. ಬಯಲಿನ ಕಾಡುಪಾಪ ಚಳಿ ಕಾಣದಿರಬಹುದು, ಅದರ ನೆಂಟ ಕಂಡಿದೆ. ಶ್ರೀಲಂಕಾದ ಹಾರ್ಟನ್ ಪ್ಲೇನ್ಸ್, ಸಮುದ್ರಮಟ್ಟದಿಂದ 2,000 ಮೀಟರ್‌ಗಿಂತ ಎತ್ತರ. ಅಲ್ಲಿನ ಕಾಡುಪಾಪಕ್ಕೆ ದಟ್ಟ ಕೂದಲು, ಮೋಟು ಕೈಕಾಲು. ಕೆಳಗಿನ ಕಾಡುಗಳ ಕೆಂಪು ಕಾಡುಪಾಪದ ಕಡ್ಡಿ ಕಾಲುಗಳ ಪಕ್ಕದಲ್ಲಿಟ್ಟು ನೋಡಿದರೆ ಸ್ವೆಟರ್ ತೊಟ್ಟಂತಿದೆ.

ಪಂಜರದ ಆಚೆ

ಹಲವು ವರ್ಷ ಒಂದು ಮೃಗಾಲಯದ ನಿಶಾಚರಿಗಳ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಯಾವ ಮೃಗಾಲಯ ಎಂಬುದು ಬೇಡ. ಅಂಥ ಕಡೆ ಹಗಲನ್ನು ರಾತ್ರಿ ಮಾಡಿರುತ್ತಾರೆ. ನೋಡಲು ಬರುವವರಿರುವಾಗ ಮಂದ ಬೆಳಕು, ಅವರು ಹೋದ ಮೇಲೆ ಪ್ರಖರ ಬೆಳಕು. ಪ್ರಾಣಿಗಳು ಈ ತಿರುವುಮುರುವು ಗಡಿಯಾರಕ್ಕೆ ಹೊಂದಿಕೊಳ್ಳುತ್ತವೆ.

ಒಮ್ಮೆ ಬೆಳಕನ್ನು ನಿಧಾನವಾಗಿ ಇಳಿಸುವ ಸಲಕರಣೆ ಕೆಟ್ಟುಹೋಯಿತು. ರಿಪೇರಿಯವರು ಬರುವವರೆಗೆ ಸ್ವಿಚ್ ಒತ್ತಿ ಒಮ್ಮೆಲೇ ಕತ್ತಲು ಮಾಡುತ್ತಿದ್ದೆವು. ಏನಾಗುತ್ತದೆ, ಕತ್ತಲು ಕತ್ತಲೇ ಅಲ್ಲವೇ ಎಂದು ನಾನೂ ಅಂದುಕೊಂಡಿದ್ದೆ. ಅದುವರೆಗೆ ಬೆಳಕು ಮಾಸುತ್ತಿದ್ದಂತೆ ಲೋರಿಸ್ ಒಂದು ಕಣ್ಣು ಬಿಟ್ಟು, ಮೈ ನೆಕ್ಕಿಕೊಂಡು, ಗೂಡಿನ ಬಾಯಿಗೆ ಬಂದು ಕುಳಿತು, ಕತ್ತಲು ಪೂರ್ತಿಯಾಗುವ ಹೊತ್ತಿಗೆ ಊಟದ ಬಟ್ಟಲ ಬಳಿ ಇರುತ್ತಿತ್ತು. ಸ್ವಿಚ್ ಒತ್ತಿದ ದಿನಗಳಲ್ಲಿ ಗೂಡಿನಿಂದ ಮೂಗೂ ಹೊರಬರಲಿಲ್ಲ. ಬಟ್ಟಲು ಹಾಗೇ ಉಳಿಯಿತು. ಕತ್ತಲಿಗಿಂತ ಮುಸ್ಸಂಜೆಯೇ ಅದಕ್ಕೆ ಬೇಕಿತ್ತು.

ಇನ್ನು ಹಗಲಿನ ಉದ್ದ. ಇಲಿ ಲೀಮರ್‌ಗಳು ಹಗಲು ಚಿಕ್ಕದಾಗುವುದನ್ನು ನೋಡಿ ಕೊಬ್ಬು ಕೂಡಿಡುತ್ತವೆ, ದೊಡ್ಡದಾಗುವುದನ್ನು ನೋಡಿ ಬೆದೆಗೆ ಬರುತ್ತವೆ. ಮಡಗಾಸ್ಕರ್‌ನಿಂದ ಉತ್ತರಾರ್ಧಗೋಳಕ್ಕೆ ಒಯ್ದರೆ ಅವುಗಳ ವರ್ಷವೇ ಆರು ತಿಂಗಳು ಸರಿದುಕೊಳ್ಳುತ್ತದೆ. ಅವು ನಂಬುವುದು ಸೂರ್ಯನನ್ನು. ಬಿಸಿಯನ್ನೋ ಮಳೆಯನ್ನೋ ಕಾದು ಕೂತರೆ ತಡವಾಗಿಬಿಡುತ್ತದೆ, ಹಗಲಿನ ಉದ್ದ ಮಾತ್ರ ಪ್ರತಿ ವರ್ಷ ಮಾತು ತಪ್ಪುವುದಿಲ್ಲ.

ಲೆಕ್ಕದ ಮೇಷ್ಟ್ರು

ಮಾತು ತಪ್ಪುವುದಿಲ್ಲ ಎಂದಿರಿ. ಬೀದಿದೀಪ ಬಂದ ಮೇಲೆ?

ಬೆಳಕನ್ನು ಅಳೆಯುವ ಮಾನ ಲಕ್ಸ್. ಹುಣ್ಣಿಮೆಯ ಬೆಳಕು ಸುಮಾರು 0.1ರಿಂದ 0.3 ಲಕ್ಸ್. ಚಂದ್ರನಿಲ್ಲದ ಸ್ವಚ್ಛ ಆಕಾಶದ ನಕ್ಷತ್ರಗಳ ಬೆಳಕು ಅದರ ನೂರರಲ್ಲೊಂದು ಪಾಲು. ಬೀದಿದೀಪದ ಕೆಳಗೆ ಹಲವು ಲಕ್ಸ್ ಇರುತ್ತದೆ. ಅಂದರೆ ಕಂಬದ ಕೆಳಗಿನ ಮರಕ್ಕೆ ಪ್ರತಿದಿನವೂ ಹುಣ್ಣಿಮೆಗಿಂತ ಹತ್ತಾರು ಪಟ್ಟು ಹೆಚ್ಚಿನ ಬೆಳಕು, ಅದೂ ಮುಳುಗದ ಚಂದ್ರ. ಫ್ರಾನ್ಸ್‌ನಲ್ಲಿ ಸಾಕಿದ ಬೂದು ಇಲಿ ಲೀಮರ್‌ಗಳನ್ನು ರಾತ್ರಿ ಬೀದಿದೀಪದಂಥ ಬೆಳಕಿಗೆ ಒಡ್ಡಿ ನೋಡಿದ್ದಾರೆ. ಚಟುವಟಿಕೆ ತಡವಾಗಿ ಶುರುವಾಯಿತು, ಮೈಬಿಸಿಯ ದೈನಂದಿನ ಲಯ ಬದಲಾಯಿತು. ಹಗಲು ಚಿಕ್ಕದಿರುವ ಕಾಲದಲ್ಲೂ ಗಂಡುಗಳ ದೇಹ ಬೆದೆಗಾಲದ ಸಿದ್ಧತೆಗೆ ತೊಡಗಿತು. ಆಹಾರವಿಲ್ಲದ ಕಾಲದಲ್ಲಿ ಮದುವೆಯ ಓಲೆ ಬಂದಂತೆ.

ಕೊಂಬೆಯಿಂದ ಕೊಂಬೆಗೆ

ಇಷ್ಟು ಹೊತ್ತು ಎಲ್ಲರೂ ಆಕಾಶ ನೋಡುತ್ತಿದ್ದೀರಿ, ಸ್ವಲ್ಪ ಕೊಂಬೆ ನೋಡಿ. ಕಾಡುಪಾಪವೂ ಸೇರಿ ಲೋರಿಸ್‌ಗಳು ಜಿಗಿಯುವುದಿಲ್ಲ. ಬುಷ್‌ಬೇಬಿಗೆ ಎರಡು ಮೀಟರ್ ಅಂತರ ಒಂದು ನೆಗೆತ, ಲೋರಿಸ್‌ಗೆ ಅದೇ ಅಂತರ ಒಂದು ಹೊಳೆ. ನೆಲಕ್ಕಿಳಿದು ದಾಟಬೇಕು, ಅಲ್ಲಿ ನಾಯಿ ಇದೆ, ವಾಹನವಿದೆ. ಹಾಗಾಗಿ ಬೆಳಕು, ಚಳಿ ಎಲ್ಲ ಲೆಕ್ಕ ಹಾಕುವ ಮೊದಲು ಅದು ಹೋಗಲು ದಾರಿ ಇತ್ತೇ ಎಂದು ಕೇಳಬೇಕು.

ಜಾವಾದ ಗಾರುತ್ ಪ್ರದೇಶದಲ್ಲಿ ನಿಧಾನ ಲೋರಿಸ್‌ಗಳು ಹೊಲ ತೋಟಗಳ ನಡುವೆ ಬದುಕುತ್ತವೆ. ಅಲ್ಲಿ ಮರದಿಂದ ಮರಕ್ಕೆ ಸೇತುವೆ ಕಟ್ಟಿದಾಗ ಬಳಸಿದ ವಸ್ತುಗಳಲ್ಲಿ ನೀರಿನ ಪೈಪೂ ಒಂದು. ರೈತನಿಗೆ ಹೊಲಕ್ಕೆ ನೀರು, ಲೋರಿಸ್‌ಗೆ ದಾರಿ. ಲೋರಿಸ್‌ಗಳು ಅದನ್ನು ಬಳಸುವುದನ್ನು ನೆಕಾರಿಸ್ ಮತ್ತಿತರರು 2020ರಲ್ಲಿ ದಾಖಲಿಸಿದರು. ಅನಾ ನೆಕಾರಿಸ್ ತೊಂಬತ್ತರ ದಶಕದ ಕೊನೆಯಲ್ಲಿ ತಮಿಳುನಾಡಿನ ಅಯ್ಯಲೂರಿನಲ್ಲಿ ನಮ್ಮ ಕಾಡುಪಾಪವನ್ನೇ ಅಧ್ಯಯನ ಮಾಡಿದವರು.

ಕುರುಚಲು ಕಾಡು, ನಿಮ್ಮ ದಾರಿಯಲ್ಲಿ ಎರಡು ವರ್ಷದಲ್ಲಿ ಎಷ್ಟು ಮರ ಬಿದ್ದವು ಎಂಬುದನ್ನೂ ಬರೆದಿಟ್ಟಿದ್ದೀರಾ?

ನಿರ್ವಾಹಕಿ

ಎಲ್ಲರಿಗೂ ಒಂದು ಸೂಚನೆ. ಚರ್ಚೆ ಚೆನ್ನಾಗಿದೆ, ಆದರೆ ಯಾರೂ ಕಾಡುಪಾಪ ಕಂಡ ಜಾಗದ ಹೆಸರು, ನಕ್ಷೆ, ಸ್ಥಳದ ಗುರುತು ಉಳಿದ ಫೋಟೋ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಮೂಢನಂಬಿಕೆಗೆಂದೂ ಮಾರಾಟಕ್ಕೆಂದೂ ಹಿಡಿಯುವವರಿದ್ದಾರೆ. ರಾತ್ರಿ ನೋಡಲು ಹೋಗುವವರು ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಳ್ಳಿ, ಬಿಳಿ ಬೆಳಕನ್ನು ಕಣ್ಣಿಗೆ ಹಿಡಿಯಬೇಡಿ.

ಕುರುಚಲು ಕಾಡು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾಯಿತು.

ಮರ ಬಿದ್ದದ್ದನ್ನು ಬರೆದಿರಲಿಲ್ಲ. ಹೋಗಿ ನೋಡಿದರೆ ದಾರಿಯ ನಡುವಿನ ಒಂದು ದೊಡ್ಡ ಹುಣಸೆ ಕಳೆದ ಮಳೆಗಾಲದಲ್ಲೇ ಬಿದ್ದಿದೆ. ನಾನು ಅದರ ಬುಡ ದಾಟಿಕೊಂಡೇ ಇಷ್ಟು ದಿನ ನಡೆದಿದ್ದೇನೆ, ಗಮನಿಸಿರಲಿಲ್ಲ. ಅದರ ಆಚೆಯ ಜಾಲಿಗಳಲ್ಲಿ ಕಾಡುಪಾಪ ಕಂಡದ್ದೆಲ್ಲ ಅದು ಬೀಳುವ ಮುಂಚೆ.

ಈಗ ಹೊಸ ಕ್ರಮ. ಪ್ರತಿ ಬಾರಿಯೂ ಚಂದ್ರೋದಯ, ಮೋಡ, ತಾಪಮಾನ, ಕೆಂಪು ಬೆಳಕು. ಎಣಿಸುವುದಕ್ಕಿಂತ, ಸಿಕ್ಕ ಒಂದರ ಬಳಿ ಕುಳಿತು ಐದೈದು ನಿಮಿಷಕ್ಕೆ ಏನು ಮಾಡುತ್ತಿದೆ ಎಂದು ಬರೆಯುವುದು. ಹಳೆಯ ಟಾರ್ಚ್ ಅವರ ಮಾತಿನಂತೆ, ಕಣ್ಣು ಕಾಣದಿದ್ದರೂ ಕಾದು ಕೂರುವುದು.

ಮೊನ್ನೆ ಶುಕ್ಲಪಕ್ಷದ ತ್ರಯೋದಶಿ, ಒಳ್ಳೆಯ ಬೆಳಕು. ಒಂದು ಹೆಣ್ಣು, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು, ಜಾಲಿಯ ಹೊರಗೊಂಬೆಗಳಲ್ಲಿ ಇರುವೆ ಹೆಕ್ಕುತ್ತಿತ್ತು. ಒಂದು ಕೈಯಿಂದ ಹೆಕ್ಕುವುದು, ಬಾಯಿಗೆ ಹಾಕುವುದು, ಮುಖ ಸೊಟ್ಟಗೆ ಮಾಡುವುದು. ಮೋಡವೊಂದು ಚಂದ್ರನನ್ನು ಮುಚ್ಚಿತು. ಅದು ಕೈಯನ್ನು ಅರ್ಧದಲ್ಲೇ ನಿಲ್ಲಿಸಿತು. ನನ್ನ ಪುಸ್ತಕದಲ್ಲಿ ಎರಡು ಸಾಲುಗಳಲ್ಲಿ "ಸುಮ್ಮನಿದೆ" ಎಂದು ಬರೆದಿದೆ, ಅಂದರೆ ಹತ್ತು ನಿಮಿಷ. ಮೋಡ ಸರಿದ ಮೇಲೆ ಅದು ಹೊರಗೊಂಬೆಗೆ ಮರಳಲಿಲ್ಲ, ಕಾಂಡದ ಕಡೆಗೆ ಹೋಯಿತು.

ಲೆಕ್ಕದ ಮೇಷ್ಟ್ರು

ಒಂದು ರಾತ್ರಿ, ಒಂದು ಪ್ರಾಣಿ. ಗೂಬೆ ಏನಾದರೂ ಕೂಗಿತೇ?

ಕುರುಚಲು ಕಾಡು

ಕೂಗಿತ್ತು ಮೇಷ್ಟ್ರೇ. ಆದರೆ ಮೋಡಕ್ಕೆ ಮುಂಚೆಯೋ ಆಮೇಲೋ, ಬರೆದುಕೊಂಡಿಲ್ಲ. ಕಾಲಂ ಒಂದನ್ನು ಸೇರಿಸಿದ್ದೇನೆ.